ಹನೋಯ್ ಕೆರೆ ದಂಡೆಯಲ್ಲಿ ಬನಹಟ್ಟಿಯ ಬಿಪಿ

ಬನಹಟ್ಟಿ

ನಾನು ವಿಯೆಟ್ನಾಮಿಗೆ ಹೋದದ್ದು ಆ ದೇಶವನ್ನು ನೋಡಲಿಕ್ಕೆ ಎಂದು ನನ್ನ ಪಾಸ್‌ಪೋರ್ಟು ಹೇಳುತ್ತದೆ. ಪಾಸ್‌ಪೋರ್ಟಿಗೆ ಎಲ್ಲವೂ ಗೊತ್ತಿರುವುದಿಲ್ಲ. ನಮ್ಮ ಓಣಿಯ ಜನ ಹೇಳುವ ಪ್ರಕಾರ ನಾನು ಹೋದದ್ದು ನನ್ನ ರಕ್ತದೊತ್ತಡವನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಏರಿಸಿಕೊಂಡು ಬರಲಿಕ್ಕೆ. ಎರಡೂ ಪೂರ್ತಿ ಸುಳ್ಳಲ್ಲವಾದ್ದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಸಮುದ್ರಗಳನ್ನು ಹಲಗೆಯ ಮೇಲೆ ಬರೆದು, ಗಂಟೆ ಹೊಡೆದ ಮೇಲೆ ಒರೆಸಿ ಹಾಕುವುದು ನನ್ನ ವೃತ್ತಿಯಾಗಿತ್ತು. ಭೂಮಿ ತನ್ನ ಅಕ್ಷದ ಮೇಲೆ ತಿರುಗುತ್ತದೆ ಎಂದು ಎಷ್ಟೋ ತಲೆಮಾರಿಗೆ ಹೇಳಿಕೊಟ್ಟಿದ್ದೆ. ಎರಡು ವರ್ಷಗಳ ಹಿಂದೆ, ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಮುಧೋಳದ ಬಸ್ಸಿಗೆ ಕಾಯುತ್ತ ನಿಂತಾಗ, ಮೊದಲ ಸಲ ಅದು ನನ್ನ ಸ್ವಂತ ಅನುಭವಕ್ಕೆ ಬಂತು. ಕಂಡಕ್ಟರೊಬ್ಬರು ಹಿಡಿದು ಬಾಕಿನ ಮೇಲೆ ಮಲಗಿಸದಿದ್ದರೆ ಭೂಗೋಳವೂ ನಾನೂ ಒಂದಾಗುತ್ತಿದ್ದೆವು.

ಅಲ್ಲಿಯ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಹುಬ್ಬು ಏರಿಸಿದರು.

"ಮಾಸ್ತರ, ಗುಳಿಗಿ ಒಂದಿನಾನೂ ತಪ್ಪಸಬ್ಯಾಡ್ರಿ. ಉಪ್ಪು ಕಡಿಮಿ ಮಾಡ್ರಿ. ದಿನಾ ಯೋಗ ಮಾಡ್ರಿ. ಆದ್ರ ತಲಿ ಕೆಳಗ, ಕಾಲು ಮ್ಯಾಲ ಮಾಡೂ ಶಾಣ್ಯಾತನ ಮಾತ್ರ ಬ್ಯಾಡ."

ನಾನು ಎಲ್ಲವನ್ನೂ ಪಾಲಿಸಿದೆ. ನನ್ನ ಹೆಂಡತಿ ಮಹಾದೇವಿ ಸಾರಿಗೆ ಉಪ್ಪು ಕಡಿಮೆ ಮಾಡಿದಳು. ನನ್ನೊಂದಿಗೆ ಮಾತನ್ನೂ ಕಡಿಮೆ ಮಾಡಿದ್ದರೆ ಇನ್ನೂ ಬೇಗ ಗುಣವಾಗುತ್ತಿತ್ತೇನೋ. ಬೆಳಿಗ್ಗೆ ಎದ್ದು ಹಳೆಯ ನೂಲಿನ ಗೋದಾಮಿನ ಅಂಗಳದಲ್ಲಿ ಚಾಪೆ ಹಾಸಿ, ಕೈ ಎತ್ತಿ ನಿಂತು, ಬೋರಲು ಮಲಗಿ ಎದೆ ಎತ್ತಿ, ಕೊನೆಗೆ ಉಸಿರನ್ನು ನಿಧಾನವಾಗಿ ಎಳೆದು ಬಿಡುತ್ತ ಕೂರುತ್ತಿದ್ದೆ. ಕೆಲವು ತಿಂಗಳಲ್ಲಿ ಡಾಕ್ಟರ ಹುಬ್ಬು ಇಳಿಯಿತು.

ಮೊದಲು ಒಬ್ಬನೇ ಇದ್ದೆ. ಆಮೇಲೆ ಓಣಿಯ ರೇಣವ್ವ ಬಂದಳು. ಮನೆಯಲ್ಲಿ ನೂಲು ಸುತ್ತುವ ಹೆಣ್ಣುಮಗಳು. ಅವಳಿಗೂ ಬಿಪಿ, ಮೇಲೆ ನಿದ್ದೆ ಬಾರದ ಕಾಟ. ಅವಳಿಗೆ ನಿದ್ದೆ ಹತ್ತಿದ ಸುದ್ದಿ ಹರಡಿದ ಮೇಲೆ ಮಗ್ಗದವರು, ಅವರ ಹೆಂಡಿರು, ಬೆನ್ನು ಹಿಡಿದುಕೊಂಡವರು, ಕುತ್ತಿಗೆ ತಿರುಗದವರು ಒಬ್ಬೊಬ್ಬರೇ ಬಂದು ಸೇರಿದರು. ಅಂಗಳ ತುಂಬಿತು. ನಿವೃತ್ತಿಯ ನಂತರ ನನ್ನ ಮಾತಿಗೆ ಕೈ ಎತ್ತುವವರು ಮತ್ತೆ ಸಿಕ್ಕಿದ್ದರು. ಈ ಸುಖವನ್ನು ಮಾಸ್ತರಿಕೆ ಮಾಡದವರಿಗೆ ವಿವರಿಸುವುದು ಕಷ್ಟ.

ಇದನ್ನು ಸಹಿಸದವನು ನನ್ನ ಬಾಲ್ಯದ ಗೆಳೆಯ ಕಲ್ಲಪ್ಪ. ರಬಕವಿಯಲ್ಲಿ ಅವನದು ಸೀರೆ ಅಂಗಡಿ. ಗಾದಿ ಬಿಟ್ಟು ಏಳುವುದನ್ನು ಅವನು ವ್ಯಾಯಾಮವೆಂದು ಪರಿಗಣಿಸುತ್ತಾನೆ.

"ಬಗ್ಗೂದು ಏಳೂದು ಮಾಡಿದ್ರ ಬಿಪಿ ಇಳಿತೈತಿ ಅಂದ್ರ, ಕಬ್ಬು ಕಡಿಯಾವ್ರಿಗೆ ಬಿಪಿನ ಇರಬಾರದಿತ್ತಲ್ಲೋ ಮಾಸ್ತರಾ. ನಿಂದು ಗುಳಿಗ್ಯಾಗ ಇಳದೈತಿ. ಚಾಪಿಗೆ ಯಾಕ ಹೆಸರ ಕೊಡ್ತಿ?"

ಜಮಖಂಡಿಯ ಸುನಂದಾ ಮೇಡಂ ವರ್ಷಕ್ಕೊಮ್ಮೆ ನಮ್ಮ ನಾಲ್ಕೈದು ಊರುಗಳ ಜನರನ್ನು ಕೂಡಿಸಿಕೊಂಡು ಪರದೇಶಕ್ಕೆ ಕರೆದೊಯ್ಯುವವರು. ಈ ಸಲ ವಿಯೆಟ್ನಾಂ ಎಂದಾಗ ನಾನೂ ಮಹಾದೇವಿಯೂ ಹೆಸರು ಕೊಟ್ಟೆವು. ಕಲ್ಲಪ್ಪನೂ ಕೊಟ್ಟ. ಅಷ್ಟೇ ಅಲ್ಲ, ಬ್ಯಾಟರಿಯ ಬಿಪಿ ಯಂತ್ರವೊಂದನ್ನು ಕೊಂಡು ತಂದು ನನ್ನೆದುರು ಇಟ್ಟ.

"ದಿನಾ ಮುಂಜಾನಿ ನಿನ್ನ ತೋಳಿಗೆ ಕಟ್ಟತೇನಿ. ಬಂದ ಅಂಕಿನ ಓಣಿ ವಾಟ್ಸಾಪ್ ಗ್ರೂಪಿಗೆ ಹಾಕತೇನಿ. ಯೋಗದ ಶಕ್ತಿ ಸಮುದ್ರ ದಾಟತೈತೋ ಇಲ್ಲೋ ಮಂದಿ ನೋಡ್ಲಿ."

"ಹಾಕಲೇ. ನಾ ಏನ್ ಅಂಜತೇನಿ?" ಎಂದೆ.

ಹೊರಡುವ ದಿನ ರೇಣವ್ವ ಅಂಗಳದ ಕೀಲಿ ಇಸಿದುಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಸರ, ಮಂದಿ ನಿಮ್ಮ ಮಾರಿ ನೋಡಿ ಬರಾಕತ್ತಾರ್ರಿ. ನಿಮ್ಮದ ಏರಿತಂದ್ರ ಚಾಪಿ ಸುತ್ತಿ ಅಟ್ಟದ ಮ್ಯಾಲ ಒಗಿತಾರ. ಸ್ವಲ್ಪ ಜ್ವಾಕಿ."

ಹೀಗೆ ಒಂದು ಅಂಗಳದ ಭವಿಷ್ಯವನ್ನು ಎಡದೋಳಿನಲ್ಲಿ ಇಟ್ಟುಕೊಂಡು ನಾನು ವಿಮಾನ ಹತ್ತಿದೆ.

ಹನೋಯ್: ಡಬ್ಬಿಗಳ ತಪಾಸಣೆ

ನಮ್ಮ ಕಡೆಯವರು ಪರದೇಶದ ಎಲ್ಲವನ್ನೂ ನಂಬುತ್ತಾರೆ, ಊಟವೊಂದನ್ನು ಬಿಟ್ಟು. ಆದ್ದರಿಂದ ಪ್ರತಿ ಮನೆಯಿಂದಲೂ ಒಂದೊಂದು ಚೀಲ ಖಡಕ್ ರೊಟ್ಟಿ, ಜೊತೆಗೆ ಹಿಂಡಿಯ ಡಬ್ಬಿಗಳು ಹೊರಟಿದ್ದವು. ಹಿಂಡಿಯೆಂದರೆ ಕುಟ್ಟಿದ ಪುಡಿ ಚಟ್ನಿ: ಶೇಂಗಾದ್ದು, ಗುರೆಳ್ಳಿನದು, ಅಗಸಿಯದು. ಮೇಲೆ ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ. ಬೀಳಗಿಯಿಂದ ಬಂದ ಅಕ್ಕತಂಗಿಯರಿಬ್ಬರ ಸಾಮಾನು ನೋಡಿದರೆ ಅವರು ವಿಯೆಟ್ನಾಮಿಗೆ ಪ್ರವಾಸ ಹೊರಟಿದ್ದಾರೋ ಮುತ್ತಿಗೆ ಹಾಕಲು ಹೊರಟಿದ್ದಾರೋ ತಿಳಿಯುತ್ತಿರಲಿಲ್ಲ.

ವಿಮಾನ ನಿಲ್ದಾಣದ ಅಧಿಕಾರಿ ಮಹಾದೇವಿಯ ಡಬ್ಬಿಯನ್ನು ತೆರೆಸಿದ. ಕೆಂಪು ಪುಡಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ, ಯಾವ ಅಧಿಕಾರಿಯೂ ಮಾಡಬಾರದ ತಪ್ಪನ್ನು ಮಾಡಿದ: ಮೂಗಿನ ಹತ್ತಿರ ಒಯ್ದು ಉಸಿರೆಳೆದ. ಅವನ ಸೀನಿಗೆ ಪಕ್ಕದ ಸಾಲಿನವರೂ ಹಿಂದೆ ಸರಿದರು. ಕಲ್ಲಪ್ಪ ಅವನ ಬೆನ್ನು ತಟ್ಟಿ, ರೊಟ್ಟಿ ಮುರಿದು, "ಬರೇ ಹಿಂಡಿ ಅಲ್ಲೋ ಯಪ್ಪಾ, ಇದರ ಜೋಡಿ ತಿನಬೇಕು" ಎಂದು ಅಪ್ಪಟ ಕನ್ನಡದಲ್ಲಿ ತಿಳಿಹೇಳಿದ. ಅಧಿಕಾರಿ ಕಣ್ಣೊರೆಸಿಕೊಂಡು ನಮ್ಮೆಲ್ಲರನ್ನೂ ಒಟ್ಟಿಗೆ ಬಿಟ್ಟುಬಿಟ್ಟ.

ಹನೋಯ್: ಕೆರೆಯ ದಂಡೆ

ಊರ ನಡುವೆ ಒಂದು ಕೆರೆ. ಸೂರ್ಯ ಹುಟ್ಟುವ ಮೊದಲೇ ಅದರ ಸುತ್ತ ಮುದುಕ ಮುದುಕಿಯರ ಜಾತ್ರೆ. ಒಂದು ಕಡೆ ಬೀಸಣಿಕೆ ಹಿಡಿದು ಕುಣಿತ. ಇನ್ನೊಂದು ಕಡೆ ತಮ್ಮ ತೋಳು ತೊಡೆಗಳಿಗೆ ತಾವೇ ರಪರಪ ಹೊಡೆದುಕೊಳ್ಳುವ ಪದ್ಧತಿ. ಕೆಲವರು ಹಿಂದು ಹಿಂದಕ್ಕೆ ನಡೆಯುತ್ತಿದ್ದರು, ಮುಂದಕ್ಕೆ ನಡೆದು ನಡೆದು ಸಾಕಾದವರ ಹಾಗೆ. ನಮ್ಮ ಬನಹಟ್ಟಿಯಲ್ಲಿ ಆ ವಯಸ್ಸಿನವರು ಹೀಗೆ ಮಾಡಿದರೆ ಮನೆಯವರು ದೆವ್ವ ಹಿಡಿಯಿತೆಂದು ದೇವರು ಕೇಳಿಸಲು ಹೋಗುತ್ತಾರೆ. ಇಲ್ಲಿ ಯಾರೂ ತಿರುಗಿ ಕೂಡ ನೋಡಲಿಲ್ಲ. ಇದೇ ನನ್ನ ದೇಶ ಎಂದುಕೊಂಡೆ.

ಚಾಪೆ ಹಾಸಿ ನನ್ನ ಕ್ರಮ ಶುರುಮಾಡಿದೆ. ಮುಗಿಯುವ ಹೊತ್ತಿಗೆ ಪಕ್ಕದಲ್ಲಿದ್ದವರೆಲ್ಲ ಒಂದು ಸಾಲಾಗಿ ನಿಂತು, ಪ್ರತಿಯೊಬ್ಬರೂ ತಮ್ಮ ಮುಂದಿನವರ ಹೆಗಲನ್ನು ಹಿಟ್ಟು ನಾದಿದಂತೆ ನಾದತೊಡಗಿದರು. ನನ್ನನ್ನೂ ಎಳೆದು ಸಾಲಿಗೆ ಸೇರಿಸಿದರು. ಹಿಂದೆ ಒಬ್ಬ ಅಜ್ಜಿ. ನನ್ನ ಹೆಗಲನ್ನು ಇದುವರೆಗೆ ಮುಟ್ಟಿದ ಹೆಣ್ಣುಮಗಳು ಮಹಾದೇವಿ ಒಬ್ಬಳೇ, ಅದೂ ಗೊರಕೆ ನಿಲ್ಲಿಸಲು. ಆಕೆ ಎದುರಿನ ಕಲ್ಲುಬೆಂಚಿನ ಮೇಲೆ ಕುಳಿತು ನೋಡುತ್ತಿದ್ದಳು. ನಾನು ಗಾಬರಿಯಿಂದ ಅವಳತ್ತ ನೋಡಿದೆ.

"ಮಾಸ್ತರ ಅದೀರಿ, ಸಾಲು ತಪ್ಪಬ್ಯಾಡ್ರಿ," ಎಂದಳು. "ಮುಂದಿನವ್ರು ಕಾಯಾಕತ್ತಾರ ನೋಡ್ರಿ. ತಿಕ್ಕ್ರಿ, ತಿಕ್ಕ್ರಿ."

ನನ್ನ ಮುಂದೆ ಟೊಪ್ಪಿಗೆಯ ಮುದುಕರೊಬ್ಬರು. ತಿಕ್ಕಿದೆ. ಅವರು ಸುಖದಿಂದ ಏನೋ ಅಂದರು. ನಾನೂ ಬನಹಟ್ಟಿಯ ಪರವಾಗಿ ಏನೋ ಅಂದೆ.

ಇಷ್ಟು ಹಗುರಾಗಿ ಹೋಟೆಲಿಗೆ ಬಂದವನ ತೋಳಿಗೆ ಕಲ್ಲಪ್ಪ, ರೊಟ್ಟಿ ಹಿಂಡಿಯ ನಾಷ್ಟಾ ಆದ ಮೇಲೆ, ಎಲ್ಲರ ಎದುರು ಯಂತ್ರ ಕಟ್ಟಿದ. ಅದು ಗುಂಯ್ ಎಂದು ಬಿಗಿದು, ಬೀಪ್ ಎಂದಿತು. ಅಂಕಿ ಊರು ಬಿಡುವ ದಿನ ಇದ್ದದ್ದಕ್ಕಿಂತ ಮೇಲಿತ್ತು.

"ಪ್ರಯಾಣದ ದಣಿವು," ಎಂದೆ.

"ಸಮುದ್ರ ದಾಟಲಿಲ್ಲ ನಿನ್ನ ಯೋಗ," ಎಂದು ಕಲ್ಲಪ್ಪ ಗ್ರೂಪಿಗೆ ಹಾಕಿದ. ಓಣಿಯಿಂದ ಕೈ ಮುಗಿದ ಚಿತ್ರಗಳು ಒಂದರ ಹಿಂದೆ ಒಂದು ಬಂದವು, ನಾನು ತೀರಿಕೊಂಡವನ ಹಾಗೆ.

ಹಾಲಾಂಗ್ ಕೊಲ್ಲಿ

ಸಮುದ್ರದ ನಡುವೆ ಸಾವಿರಾರು ಗುಡ್ಡಗಳು. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಸಮುದ್ರಗಳಿಗೆ ಇಂಥ ಸೊಗಸು ಇರಲಿಲ್ಲ. ಎಲ್ಲರೂ ಬೆರಗಾಗಿ ನಿಂತಾಗ ಬೀಳಗಿಯ ಅಕ್ಕ ತಂಗಿಗೆ ಹೇಳಿದಳು: "ನಮ್ಮ ಹಿನ್ನೀರಿನ್ಯಾಗ ಗುಡ್ಡಾ ತಂದು ಇಟ್ಟಂಗ ಐತಿ ನೋಡ." ತಂಗಿ ಸ್ವಲ್ಪ ವಿಚಾರ ಮಾಡಿ, "ನಮ್ಮಲ್ಲಿ ಗಾಳಿ ಛಲೋ," ಎಂದಳು. ನಮ್ಮ ಗುಂಪಿನಲ್ಲಿದ್ದ, ಮನೆಯಲ್ಲಿ ಸಣ್ಣ ನಡುವಿನ ಬೇಟೆನಾಯಿ ಸಾಕುವ ಮುಧೋಳದ ಪಾಟೀಲರು ಗುಡ್ಡ ನೋಡಲಿಲ್ಲ; ದಂಡೆಯಲ್ಲಿ ಕಂಡ ನಾಯಿಗಳನ್ನು ನೋಡುತ್ತ ಬಂದಿದ್ದರು. "ಒಂದಕ್ಕೂ ನಡಾ ಇಲ್ರಿ," ಎಂದು ನಿಟ್ಟುಸಿರು ಬಿಟ್ಟು, ಆ ದೇಶದ ವಿಚಾರವನ್ನು ಅಲ್ಲಿಗೇ ಮುಗಿಸಿದರು.

ರಾತ್ರಿ ಹಡಗಿನಲ್ಲೇ ತಂಗಿದೆವು. ಬೆಳಿಗ್ಗೆ ಅದರ ಮಾಳಿಗೆಯ ಮೇಲೆ ಅಲ್ಲಿಯ ಶಿಕ್ಷಕನೊಬ್ಬ ಗಾಳಿಯನ್ನು ಮೆಲ್ಲಗೆ ನೂಕುವ ವ್ಯಾಯಾಮ ಹೇಳಿಕೊಡುತ್ತಿದ್ದ. ನಾನು ಇನ್ನೊಂದು ತುದಿಯಲ್ಲಿ ನನ್ನದನ್ನೇ ಮಾಡಿದೆ, ಪ್ರಾಣಾಯಾಮವನ್ನು ಎರಡು ಪಟ್ಟು ಮಾಡಿ. ಗುಳಿಗೆ ತಪ್ಪಿಸಿರಲಿಲ್ಲ, ಮಹಾದೇವಿ ತಪ್ಪಿಸಲು ಬಿಡುವವಳಲ್ಲ. ಚೆನ್ನಾಗಿ ಹಸಿವಾಗಿತ್ತು. ಹಡಗಿನವರು ಇಟ್ಟ ಊಟದಲ್ಲಿ ಮೀನಿನ ವಾಸನೆ ಬಂತೆಂದು ನಾವೆಲ್ಲ ಡಬ್ಬಿಗಳಿಗೇ ಶರಣಾದೆವು. ಎರಡು ರೊಟ್ಟಿ, ಮೂರು ಬಗೆಯ ಹಿಂಡಿ, ಬೀಳಗಿಯ ತಂಗಿ ಒತ್ತಾಯ ಮಾಡಿ ಹಾಕಿದ ಉಪ್ಪಿನಕಾಯಿ, ಪಾಟೀಲರ ಮಜ್ಜಿಗೆ ಮೆಣಸಿನಕಾಯಿ.

ಯಂತ್ರ ಬೀಪ್ ಎಂದಿತು. ಇನ್ನೂ ಮೇಲೆ.

ಈ ಸಲ ಕಲ್ಲಪ್ಪ ನಗಲಿಲ್ಲ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. "ಖರೆ ಹೇಳಲೇನ? ಆ ಚಾಪಿ ಬಿಡು. ಊರಿಗೆ ಹೋಗಿ ಇನ್ನೊಂದು ಗುಳಿಗಿ ಬರಿಸ್ಕೊ. ನೀ ಸತ್ತು ನನಗ ಏನ್ ಬರೂದೈತಿ?" ಎಂದ. ಹಾಗೆಂದು ಗ್ರೂಪಿಗೆ ಹಾಕುವುದನ್ನು ಮಾತ್ರ ಮರೆಯಲಿಲ್ಲ.

ಸುನಂದಾ ಮೇಡಂ ಬಂದು ಅಂಕಿ ನೋಡಿದರು. "ಮಾಸ್ತರ, ನಾಳೆ ಗುಡ್ಡಾ ಹತ್ತೂದು ಐತಿ. ನೀವು ಕೆಳಗ ಕುಂಡ್ರಿ. ನನಗ ಎಲ್ಲಾರನ್ನೂ ಕುಂತ ಸೀಟಿನ್ಯಾಗ ವಾಪಸ್ ಒಯ್ಯೂದೈತಿ, ಪೆಟ್ಟಿಗ್ಯಾಗ ಅಲ್ಲ."

ಮಧ್ಯಾಹ್ನ ರೇಣವ್ವನ ದನಿ ಮೊಬೈಲಿನಲ್ಲಿ ಬಂತು. "ಸರ, ಇವತ್ತು ಅರ್ಧಾ ಮಂದಿ ಬಂದಿಲ್ರಿ. ಬಂದಾವ್ರು ನಿಮ್ಮ ಬಿಪಿ ಮಾತ ಆಡಿ ಎದ್ದ ಹೋದ್ರು. ನನಗಂತೂ ನಿದ್ದಿ ಬರತೈತಿ, ನಾ ಬಿಡಂಗಿಲ್ಲ. ಆದ್ರ ನಿಮಗ ಏನಾಗೈತ್ರಿ?"

ಅದನ್ನೇ ನಾನೂ ಕೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ಇಳಿಸಿದ ಯೋಗ ಇಲ್ಲಿ ಏರಿಸುವುದೆಂದರೇನು? ಅಕ್ಷಾಂಶ ರೇಖಾಂಶಗಳ ಪ್ರಭಾವವೇ? ಭೂಗೋಳದ ಪುಸ್ತಕಗಳಲ್ಲಿ ಇದಕ್ಕೆ ಆಧಾರವಿರಲಿಲ್ಲ. ಆದರೂ ಚಾಪೆ ಬಿಡುವುದಿಲ್ಲ ಎಂದು ಮರುದಿನ ಇನ್ನೂ ಮೊದಲೇ ಎದ್ದೆ.

ನಿಂಬಿನ್: ಗುಡ್ಡದ ಬುಡ

ಅಂದು ನನ್ನನ್ನು ಗುಡ್ಡದ ಬುಡದಲ್ಲಿ ಒಂದು ಮನೆಯ ಮುಂದಿನ ಖಾನಾವಳಿಯಲ್ಲಿ ಕೂರಿಸಲಾಯಿತು. ಪಕ್ಕದಲ್ಲಿ ನಮ್ಮ ಡಬ್ಬಿಯ ಚೀಲ. ಮಹಾದೇವಿ ನನ್ನ ಜೊತೆ ಉಳಿಯುತ್ತಾಳೆಂದು ತಿಳಿದಿದ್ದೆ. ಅವಳು ಸೆರಗು ಬಿಗಿದುಕೊಂಡಳು. "ನೀವು ಕುಂಡ್ರಿ. ನಾ ಹತ್ತಿ ನೋಡಿ ಬಂದು ಹೇಳತೇನಿ," ಎಂದು ಹೊರಟೇ ಹೋದಳು. ನಮ್ಮ ಊರಿನ ನುಗ್ಗಾಟದ ಬಸ್ಸು ಹತ್ತಿದ ಕಾಲಿಗೆ ಆ ಮೆಟ್ಟಿಲು ಏನೂ ಅನ್ನಿಸಲಿಲ್ಲವಂತೆ.

ಅವತ್ತು ಹುಣ್ಣಿಮೆ. ನಮ್ಮಲ್ಲಿಯ ಹಾಗೆಯೇ ಅಲ್ಲಿಯೂ ಅನೇಕರು ಅಮಾವಾಸ್ಯೆ ಹುಣ್ಣಿಮೆಗೆ ಮಾಂಸ ಮುಟ್ಟುವುದಿಲ್ಲ. ಇದನ್ನು ಆ ಮನೆಯಾಕೆ ಕೈಸನ್ನೆಯಿಂದಲೂ ಮೊಬೈಲಿನ ಅನುವಾದದಿಂದಲೂ ತಿಳಿಸಿ, ಬಿಸಿ ಅನ್ನ, ಬೇಯಿಸಿದ ಸೊಪ್ಪು, ಬಿಳಿಯ ಗಡ್ಡೆಯಂಥ ಸೋಯಾ ಪನೀರು ತಂದಿಟ್ಟಳು. ಯಾವುದಕ್ಕೂ ಉಪ್ಪಿಲ್ಲ. ಬೆರಳಗಲದ ಬಟ್ಟಲೊಂದರಲ್ಲಿ ಮಾತ್ರ ಏನೋ ಪುಡಿ. ನಾಲಗೆಗೆ ಹಚ್ಚಿದೆ. ಶೇಂಗಾ! ಹುರಿದು ಎಳ್ಳಿನ ಜೊತೆ ಕುಟ್ಟಿದ್ದು, ಖಾರವೊಂದಿಲ್ಲ ಅಷ್ಟೆ. ಪರದೇಶದಲ್ಲಿ ದಾಯಾದಿ ಸಿಕ್ಕಷ್ಟು ಸಂತೋಷವಾಯಿತು. ಊರಿನಲ್ಲಿ ಮಾಡುವ ಹಾಗೆ ಬಟ್ಟಲನ್ನೇ ಅನ್ನದ ಮೇಲೆ ಬೋರಲು ಹಾಕಹೋದೆ.

ಆಕೆ ಚೀರಿ ನನ್ನ ಮಣಿಕಟ್ಟು ಹಿಡಿದಳು. ಬಟ್ಟಲನ್ನು ಕಸಿದುಕೊಂಡು ಮೊಬೈಲಿಗೆ ಏನೋ ಹೇಳಿದಳು. ಮೊಬೈಲು ಸ್ವಚ್ಛ ಕನ್ನಡದಲ್ಲಿ ನನಗೆ ತಿಳಿಸಿತು:

"ಇದು ಉಪ್ಪು. ಇದು ಊಟ ಅಲ್ಲ."

ನಾನು ಅಪಮಾನಿತನಾಗಿ ನಮ್ಮ ಡಬ್ಬಿ ತೆರೆದೆ. ನಮ್ಮಲ್ಲಿ ಇದು ಊಟವೇ ಎಂದು ಸಾಧಿಸಬೇಕಾಗಿತ್ತು. ಶೇಂಗಾ ಹಿಂಡಿಯನ್ನು ಅವಳ ಅಂಗೈಗೆ ಒಂದು ಚಿಟಿಕೆ ಹಾಕಿದೆ. ಆಕೆ ಬಾಯಿಗಿಟ್ಟುಕೊಂಡಳು. ಖಾರಕ್ಕೆ ಹಾ ಎನ್ನುತ್ತಾಳೆಂದು ಕಾದೆ. ಖಾರವನ್ನು ಆಕೆ ಸಲೀಸಾಗಿ ನುಂಗಿದಳು. ಆಮೇಲೆ ಮುಖ ಕಿವುಚಿ, ಬಟ್ಟಲಿನ ಕಡೆ ತೋರಿಸಿ, ಎರಡೂ ಕೈಗಳನ್ನು ಅಗಲಿಸಿ, ಎಷ್ಟೊಂದು ಉಪ್ಪು ಎಂಬಂತೆ ಸನ್ನೆ ಮಾಡಿ ನೀರಿಗೆ ಓಡಿದಳು.

ನಾನು ಡಬ್ಬಿ ಹಿಡಿದು ಕುಳಿತೆ. ನಮ್ಮಲ್ಲೂ ಎಲೆಯ ತುದಿಗೆ ಉಪ್ಪು ಬಡಿಸುತ್ತೇವೆ. ಆದರೆ ಅದು ಮರ್ಯಾದೆಯ ಉಪ್ಪು. ನಿಜವಾದ ಉಪ್ಪು ಕುಟ್ಟಿದ್ದರೊಳಗೆ, ಕಲೆಸಿದ್ದರೊಳಗೆ, ಒಣಗಿಸಿದ್ದರೊಳಗೆ ವೇಷ ಮರೆಸಿಕೊಂಡು ಬರುತ್ತದೆ. ಮನೆಯಲ್ಲಿ ಅನ್ನ ಸಾರಿನ ನಡುವೆ ಬೆರಳಲ್ಲಿ ಹಿಂಡಿ ಮುಟ್ಟುವವನು, ಇಲ್ಲಿಗೆ ಬಂದಾಗಿನಿಂದ ಮೂರು ಹೊತ್ತೂ ಅದನ್ನೇ ಉಣ್ಣುತ್ತಿದ್ದೆ. ಬೆಳಿಗ್ಗೆ ಉಸಿರಿನಿಂದ ಇಳಿಸಿದ್ದನ್ನು ನಾಷ್ಟಾಕ್ಕೆ ಕುಳಿತು ಏರಿಸಿ, ಕಲ್ಲಪ್ಪನ ಮುಂದೆ ತೋಳು ಚಾಚುತ್ತಿದ್ದೆ.

ಉಪ್ಪಿಲ್ಲದ ಅನ್ನವನ್ನು ಹಟದಿಂದ ಉಂಡೆ. ಮೊದಲ ತುತ್ತು ಶಿಕ್ಷೆಯಂತಿತ್ತು. ಕೊನೆಯ ತುತ್ತೂ ಹಾಗೇ ಇತ್ತು. ಆದರೂ ಬಿಡಲಿಲ್ಲ.

ಬಸ್ಸು

ಅಂದು ಸಂಜೆ ಬಸ್ಸಿನಲ್ಲಿ ಎಂದಿನಂತೆ ಡಬ್ಬಿಗಳು ಕೈಯಿಂದ ಕೈಗೆ ಬಂದವು. "ನನಗ ಬ್ಯಾಡ. ಉಪ್ಪು ಭಾಳ ಐತಿ," ಎಂದೆ.

ಡಬ್ಬಿ ಬೇಡವೆನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಬೀಳಗಿಯ ಅಕ್ಕ ಮುಖ ತಿರುಗಿಸಿದಳು. ಪಾಟೀಲರು, "ಯಾಕ್ರಿ, ನಮ್ಮ ಮನಿದು ಸೇರಂಗಿಲ್ಲೇನು?" ಎಂದರು. ಕಲ್ಲಪ್ಪ ಬಸ್ಸಿಗೆಲ್ಲ ಕೇಳುವಂತೆ ಕೂಗಿದ: "ನಾಕ ದಿನದಾಗ ಊರ ಹಿಂಡಿ ಬ್ಯಾಡಾತಲೇ ನಿನಗ? ಯೋಗಾ ಸೋತಿದ್ದಕ್ಕ ಶೇಂಗಾದ ಮ್ಯಾಲ ತಪ್ಪ ಹಾಕ್ತಿ?"

"ಹಾಕತೇನಿ. ನಾಳೆನೂ ಹಾಕತೇನಿ," ಎಂದೆ.

ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಮಹಾದೇವಿಗೆ. ಕುಟ್ಟಿದವಳು ಅವಳು.

"ಮನ್ಯಾಗ ಸಾರಿಗೆ ಉಪ್ಪು ಕಡಿಮಿ ಮಾಡೇನಿಲ್ಲೋ?"

"ಮಾಡೀದಿ. ಈ ಹಿಂಡಿಗೆ?"

"ಇದು ದಾರಿಗಂತ ಮಾಡಿದ್ದಲ್ಲೇನ್ರಿ. ದಾರಿದು ಕೆಡಬಾರದು. ಅದಕ್ಕ ಒಂದ ಹಿಡಿ..." ಎಂದವಳು ಅಲ್ಲಿಗೇ ನಿಂತಳು. ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಒತ್ತಿ ಹಾಕಿದಳು. "ನಮ್ಮವ್ವನೂ ದಾರಿಗೆ ಹೆಚ್ಚ ಹಾಕ್ತಿದ್ಳು," ಎಂದಳು.

"ನನಗ ನಿನ್ನ ಕೈ ಮ್ಯಾಲ ಸಿಟ್ಟಿಲ್ಲ," ಎಂದೆ.

"ನನಗ ನಿಮ್ಮ ಬಾಯಿ ಮ್ಯಾಲ ಐತಿ. ಬಸ್ಸಿನ್ಯಾಗ ಎಲ್ಲಾರ ಮುಂದ ಹೇಳಬೇಕಿತ್ತೇನು?"

ಆದರೆ ಮರುದಿನದಿಂದ ನನ್ನ ಜೊತೆ ಅವಳೂ ಸೊಪ್ಪು ಅನ್ನ ಉಂಡಳು, ನನ್ನನ್ನು ಬೈಯುತ್ತಲೇ. ಎರಡು ದಿನ ಯಂತ್ರ ಹಟ ಮಾಡಿತು. ಮೂರನೆಯ ದಿನ ಸ್ವಲ್ಪ ಇಳಿಯಿತು. ಪವಾಡವೇನಲ್ಲ, ಮೆಟ್ಟಿಲಿಳಿಯುವ ಮುದುಕನ ಹಾಗೆ, ಹಿಡಿದು ಹಿಡಿದು. ಕಲ್ಲಪ್ಪ ಅಂಕಿ ನೋಡಿ ಯಂತ್ರವನ್ನು ಚೀಲಕ್ಕೆ ಹಾಕಿದ.

"ಗ್ರೂಪಿಗೆ ಹಾಕಲಿಲ್ಲಲ್ಲೋ?"

"ಇಳಿದದ್ದು ಸುದ್ದಿ ಹ್ಯಾಂಗ ಆಕ್ಕೈತಿ?"

ನಾನೇ ಹಾಕಬಹುದಿತ್ತು. ಮಹಾದೇವಿಯೂ ಹಾಕಿರೆಂದಳು. ಆದರೆ ಅವತ್ತು ನನಗೆ ಬೇರೆಯೇ ಸಿಟ್ಟು ಬಂತು. ನನ್ನ ರಕ್ತ ಓಣಿಯ ಕರಿಹಲಗೆಯಲ್ಲ, ದಿನಾ ಯಾರೋ ಬಂದು ಅಂಕಿ ಬರೆದು ಹೋಗಲು. ಅಲ್ಲಿಂದ ಮುಂದೆ ತೋಳು ಕೊಡುವುದನ್ನೇ ನಿಲ್ಲಿಸಿದೆ.

ಮತ್ತೆ ಬನಹಟ್ಟಿ

ಬಂದ ಮರುದಿನ ಬೆಳಿಗ್ಗೆ ಚಾಪೆ ಸುತ್ತಿಕೊಂಡು ಅಂಗಳಕ್ಕೆ ಹೋದೆ. ಹಿಂದಿನ ವಾರ ರೇಣವ್ವನೂ ಇನ್ನೊಬ್ಬರೂ ಬಿಟ್ಟರೆ ಯಾರೂ ಬಂದಿರಲಿಲ್ಲವಂತೆ. ಅಂದು ಮಾತ್ರ ಎಂದೂ ಇಲ್ಲದಷ್ಟು ಜನ. ಚಾಪೆ ಇದ್ದವರು ನಾಲ್ಕೈದು ಮಂದಿ. ಉಳಿದವರು ಗೋಡೆಗೆ ಆತು ನಿಂತಿದ್ದರು. ನಡುವೆ ಕುರ್ಚಿ ಹಾಕಿ, ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಲಪ್ಪ ಪಂಚರ ಠೀವಿಯಲ್ಲಿ ಕುಳಿತಿದ್ದ.

"ಬಾ ಮಾಸ್ತರಾ. ಮಂದಿ ಮುಂದ ಆಗ್ಲಿ. ಇಳದಿದ್ರ ಯೋಗಾ ನಡೀಲಿ. ಏರಿದ್ರ ಅಂಗಳಕ್ಕ ಕೀಲಿ ಹಾಕೂಣು."

ಎಲ್ಲರೂ ನನ್ನ ತೋಳನ್ನೇ ನೋಡುತ್ತಿದ್ದರು. ಸುಳ್ಳೇಕೆ, ಅಷ್ಟು ಕಣ್ಣುಗಳ ನಡುವೆ ಎದೆ ಹೊಡೆದುಕೊಳ್ಳುತ್ತಿತ್ತು. ಆ ಗಳಿಗೆಯಲ್ಲಿ ಕಟ್ಟಿದ್ದರೆ ಯಂತ್ರ ಏನು ಹೇಳುತ್ತಿತ್ತೋ ನನಗೆ ಗೊತ್ತಿತ್ತು.

"ತೋಳು ಕೊಡೂದಿಲ್ಲ," ಎಂದೆ. "ನನ್ನ ಅಂಕಿ ನೋಡಬೇಕನ್ನಾವ್ರು ಮೊದಲ ನನ್ನ ಜೋಡಿ ಕುಂತು ಪೂರಾ ಮಾಡ್ರಿ. ಗೋಡಿಗೆ ನಿಂತಾವ್ರಿಗೆ ತೋರ್ಸೂದಿಲ್ಲ."

ಗುಜುಗುಜು ಎದ್ದಿತು. ಕೆಲವರು ಹೊರಟುಹೋದರು. ಆದರೆ ಫಲಿತಾಂಶ ತಿಳಿಯದೆ ಎದ್ದುಹೋಗುವುದು ನಮ್ಮ ಓಣಿಯ ಜಾಯಮಾನವಲ್ಲ. ಒಬ್ಬೊಬ್ಬರೇ ಟವೆಲು ಹಾಸಿದರು. ಕಲ್ಲಪ್ಪ ಕುರ್ಚಿಯಲ್ಲೇ ಇದ್ದ.

"ಸಾವಕಾರ್ರ," ಎಂದಳು ರೇಣವ್ವ, "ಕುರ್ಚಿ ಮ್ಯಾಲಿನವ್ರಿಗೂ ಇಲ್ಲಂತ್ರಿ."

ಅವನು ನನ್ನ ವಂಶವನ್ನು ಸ್ಮರಿಸುತ್ತ ಧೋತರ ಎತ್ತಿ ಕಟ್ಟಿ ನೆಲಕ್ಕಿಳಿದ. ಕೈ ಎತ್ತಿದ. ಬಗ್ಗಲು ಹೋಗಿ ಅರ್ಧಕ್ಕೇ ನಿಂತ. ಉಸಿರು ಎಳೆಯುವಾಗ ಬೈಗುಳ ನಿಂತಿತು, ಬಿಡುವಾಗ ಮತ್ತೆ ಬಂತು. ಆದರೂ ಕೊನೆಯವರೆಗೆ ಕುಳಿತ. ಮುಗಿದದ್ದೇ ಯಂತ್ರ ಹಿಡಿದು ಬಂದ.

"ತಾ ತೋಳು."

"ನಾಳೆ."

"ಏನಲೇ ಮೋಸಾ!"

"ನಾಳೆ ಬಾ, ಕುಂತು ಮಾಡು, ಆಮ್ಯಾಗ ನೋಡೂಣು."

ಜಮಖಂಡಿಯ ಡಾಕ್ಟರು ಆಮೇಲೆ ನನ್ನನ್ನು ನೋಡಿ, ಎರಡನೆಯ ಗುಳಿಗೆ ಬೇಡ, ಇದ್ದದ್ದನ್ನು ಬಿಡಬೇಡಿ, ಚಾಪೆಯನ್ನೂ ಬಿಡಬೇಡಿ, ದಾರಿಯ ಹಿಂಡಿಯ ಹತ್ತಿರ ಮಾತ್ರ ಹೋಗಬೇಡಿ ಎಂದರು. ಅಂಕಿ ಅವರಿಗೆ ಗೊತ್ತು, ನನಗೆ ಗೊತ್ತು, ಮಹಾದೇವಿಗೆ ಗೊತ್ತು. ಕಲ್ಲಪ್ಪ ದಿನವೂ ಬೆಳಿಗ್ಗೆ ಯಂತ್ರದ ಸಮೇತ ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದಾನೆ. ಈಗ ಅವನ ಕೈ ಮೊಣಕಾಲು ದಾಟಿ ಕೆಳಗೆ ಹೋಗುತ್ತದೆ. ತಾನು ಬರುವುದು ಅಂಕಿಗಾಗಿ ಮಾತ್ರ ಎಂದು ಊರಿಗೆಲ್ಲ ಸಾರುತ್ತಾನೆ. ನಾನು ದಿನವೂ ನಾಳೆ ಎನ್ನುತ್ತೇನೆ.

ಇಷ್ಟು ದೂರ ಓದಿಕೊಂಡು ಬಂದವರಿಗೂ ಆ ಅಂಕಿಯನ್ನು ನಾನು ಹೇಳುವುದಿಲ್ಲ. ತಿಳಿಯಲೇಬೇಕೆನ್ನುವವರು ಬನಹಟ್ಟಿಗೆ ಬನ್ನಿ. ಚಾಪೆ ನಿಮ್ಮದೇ ತನ್ನಿ.